ಸಾಮಿಲ್ಲಿನ ಕಡೆ ಏನೂ ಇಲ್ಲ

ನನ್ನ ಭಾವ ಬಡಗಿ. ಊರಿನಿಂದ ಎರಡು ಗಂಟೆಯ ದಾರಿ ದೂರದಲ್ಲಿ, ಕಾಡಿನ ಅಂಚಿನ ಕೆರೆಯ ದಡದಲ್ಲಿ, ಅವರು ಕೈಯಾರೆ ಕಟ್ಟಿದ ಹಲಗೆಮನೆಯೊಂದಿದೆ. ಎರಡು ಕೋಣೆ, ಒಂದು ಕಬ್ಬಿಣದ ಒಲೆ, ಮುಂದೆ ಕಿರಿದಾದ ಜಗಲಿ. ಮಳೆ ಬಂದರೆ ಒಂದೇ ಒಂದು ಕಡೆ ಸೋರುತ್ತದೆ. ಆ ಜಾಗದಲ್ಲಿ ಯಾವಾಗಲೂ ನನ್ನದೇ ಹಾಸಿಗೆ. "ಹೆಂಡತಿ ತಮ್ಮ ಅಂದ್ಮೇಲೆ ಅಷ್ಟಾದ್ರೂ ಮರ್ಯಾದೆ ಮಾಡ್ಬೇಡ್ವಾ?" ಎನ್ನುತ್ತಾರೆ ಭಾವ.

ಪ್ರತಿವರ್ಷ ಎಲೆ ಉದುರುವ ಕಾಲದಲ್ಲಿ ನಾವು ನಾಲ್ವರು ಶುಕ್ರವಾರ ಮಧ್ಯಾಹ್ನ ಹೊರಟು ಭಾನುವಾರ ಸಂಜೆಗೆ ಮರಳುತ್ತೇವೆ. ಭಾವ, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿರುವ ನನ್ನ ಅಕ್ಕ, ದರ್ಜಿಯಾದ ನಾನು, ಮತ್ತೆ ನನ್ನ ಶಾಲೆಯ ದಿನಗಳ ಗೆಳೆಯ ಮೇಸ್ತ್ರಿ. ಕಾರು ಓಡಿಸುವವನು ಅವನೇ. ಅವನಿಗೆ ಬೇರೆ ಹೆಸರು ಇದ್ದದ್ದು ಅವನ ಹೆಂಡತಿಗೂ ಮರೆತಿರಬೇಕು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಎಂಜಿನ್ ಬಿಚ್ಚಿ ಕಟ್ಟಿದವನು ಅವನು. ಬಸ್ಸು ಗೇಟಿನೊಳಗೆ ತಿರುಗುವಾಗಲೇ, ಕೈಯಲ್ಲಿದ್ದ ಕೆಲಸದಿಂದ ತಲೆಯೆತ್ತದೆ, "ಮೂರನೇ ಸಿಲಿಂಡರು ಕೆಮ್ತಾ ಇದೆ, ಪಕ್ಕಕ್ಕೆ ಹಾಕಿ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಆಗಿರುತ್ತಿತ್ತು. ಡಿಪೋದಿಂದ ಹೊರಡುವ ಬಸ್ಸುಗಳನ್ನು ಕೊನೆಯ ಸಲ ಪರೀಕ್ಷಿಸಿ ಸಹಿ ಹಾಕುವ ಕೆಲಸ ಅವನಿಗೆ ಬಂದದ್ದು ಆ ಕಿವಿಯಿಂದಲೇ.

ನಮ್ಮ ಜೊತೆಗೆ ಎರಡು ನಾಯಿಗಳು. ಅಕ್ಕನ ನಾಯಿಗೆ ದೊರೆ ಎಂದು ಹೆಸರು. ಕರುವಿನಷ್ಟು ಎತ್ತರ, ಹೆಸರಿಗೆ ತಕ್ಕ ಸೋಮಾರಿತನ. ಮೇಸ್ತ್ರಿಯದು ನಶ್ಯ; ನಶ್ಯದ ಬಣ್ಣದ, ಬೆಕ್ಕಿಗಿಂತ ಒಂದು ಹಿಡಿ ದೊಡ್ಡದಾದ ಹೆಣ್ಣು ನಾಯಿ. ಕಂಡದ್ದಕ್ಕೆಲ್ಲ ಬೊಗಳುತ್ತಿತ್ತು. ದೊರೆಯ ತಟ್ಟೆಗೆ ಬಾಯಿ ಹಾಕುವ ಧೈರ್ಯ ಅದಕ್ಕೊಂದೇ ಇತ್ತು.

ಈ ಸಲ ಹೊರಡುವ ಮುನ್ನಾದಿನ ಮೇಸ್ತ್ರಿಯ ಹೆಂಡತಿ ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ನನ್ನ ಅಂಗಡಿಗೆ ಬಂದಿದ್ದರು. ನಾಯಿಕೂದಲು ಕಂಡರೆ ಸೀನುವ ಹೆಂಗಸು. ಹಲಗೆಮನೆಗೆ ಯಾವತ್ತೂ ಬಂದವರಲ್ಲ. ಗುಂಡಿ ಹಾಕಿ ಮುಗಿದರೂ ಎದ್ದು ಹೋಗಲಿಲ್ಲ.

"ಅಡುಗೆಮನೆಯಿಂದ ಕೂಗಿದ್ರೆ ಉತ್ತರ ಇಲ್ಲ," ಎಂದರು. "ಎದುರಿಗೆ ನಿಂತು ಹೇಳಿದ್ರೆ, ಯಾಕೆ ಬಾಯೊಳಗೇ ಗೊಣಗ್ತೀಯ ಅಂತ ನನ್ನ ಮೇಲೇ ರೇಗ್ತಾರೆ. ಕಿವಿ ತೋರಿಸ್ಕೊಳ್ಳಿ ಅಂದ್ರೆ ಮೂರು ದಿನ ಮಾತಿಲ್ಲ. ನಾನು ಹೇಳಿದ್ರೆ ಜಗಳ. ನೀವು ಹೇಳಿದ್ರೆ ಕೇಳ್ತಾರೇನೋ."

"ಆಯ್ತು ಅತ್ತಿಗೆ, ಹೇಳ್ತೀನಿ," ಎಂದೆ. ಆ ಹೊತ್ತಿಗೆ ಮಾತು ಮುಗಿದರೆ ಸಾಕಾಗಿತ್ತು. ಅವರು ಹೇಳುವ ಮೊದಲೇ ನನಗೆ ವಿಷಯ ಗೊತ್ತಿತ್ತು, ಒಂದು ವರ್ಷಕ್ಕೂ ಹೆಚ್ಚಿನಿಂದ. ಅವನು ಜೋಕಿಗೆ ಎಲ್ಲರ ಮುಖ ನೋಡಿ, ಒಂದು ಕ್ಷಣ ತಡವಾಗಿ ನಗುವುದನ್ನು ನಾನು ಕಂಡಿದ್ದೆ. ಮಾತಾಡುವವರ ತುಟಿಯ ಮೇಲೆ ಕಣ್ಣು ನೆಡುವುದನ್ನೂ ಕಂಡಿದ್ದೆ.

ಶುಕ್ರವಾರ ಸಂಜೆ ಹಲಗೆಮನೆ ತಲುಪಿ ಒಲೆ ಹೊತ್ತಿಸಿದೆವು. ಮೇಸ್ತ್ರಿ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಅಕ್ಕ ಚಹಾಕ್ಕೆ ನೀರಿಟ್ಟು ಹಾಸಿಗೆ ಹಾಸಲು ಒಳಗೆ ಹೋದಳು. ನೀರು ಕುದಿದು ಕೆಟಲು ಶಿಳ್ಳೆ ಹಾಕಿತು. ಕಿವಿ ತೂತಾಗುವ ಶಿಳ್ಳೆ. ದೊರೆ ಕೂಡ ಎದ್ದು ಜಗಲಿಗೆ ನಡೆಯಿತು. ಮೇಸ್ತ್ರಿ ಕೈ ಕಾಯಿಸಿಕೊಳ್ಳುತ್ತಾ ಬೆಂಕಿ ನೋಡುತ್ತಲೇ ಇದ್ದ. ಅಕ್ಕ ಬಂದು ಕೆಟಲು ಇಳಿಸಿದಳು. ಇಳಿಸುತ್ತಾ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿ ಚೀಲದಿಂದ ಬ್ರೆಡ್ಡು ತೆಗೆಯತೊಡಗಿದೆ.

ಮರುದಿನ ಬೆಳಗ್ಗೆ ನಾನೂ ಮೇಸ್ತ್ರಿಯೂ ಬೇಗನೆ ಎದ್ದು ಜಗಲಿಯಲ್ಲಿ ಕೂತಿದ್ದೆವು. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮರಗಳು ಅರ್ಧ ಬೋಳಾಗಿದ್ದವು, ಉಳಿದರ್ಧ ಹಳದಿ. ಗಾಳಿಯಿಲ್ಲದಿದ್ದರೂ ಎಲೆಗಳು ಒಂದೊಂದಾಗಿ ಉದುರಿ, ಕೆಳಗಿನ ಒಣ ಎಲೆಯ ಮೇಲೆ ಬಿದ್ದು ಚರಚರ ಅನ್ನುತ್ತಿದ್ದವು. ಪೊದೆಯಲ್ಲಿ ಯಾವುವೋ ಸಣ್ಣ ಹಕ್ಕಿಗಳು ಸಂತೆ ನೆರೆಸಿದ್ದವು. ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಅವನು ಉಸಿರೆಳೆದು, "ಎಷ್ಟು ನಿಶ್ಶಬ್ದವಾಗಿದೆ ನೋಡೋ," ಎಂದ. "ಇದಕ್ಕೋಸ್ಕರಾನೇ ಇಲ್ಲಿಗೆ ಬರೋದು."

ಅವನ ಮುಖದಲ್ಲಿ ನಿಜವಾದ ಸುಖವಿತ್ತು.

"ಹೌದು," ಎಂದೆ.

ಎಂಟು ಗಂಟೆಗೆ ನಾಯಿಗಳಿಗೆ ಊಟ ಹಾಕಿದಾಗ ದೊರೆ ಒಂದೇ ಬಂತು. ನಶ್ಯ ಇರಲಿಲ್ಲ. ಬೆಳಕು ಹರಿಯುವಾಗ ಬಾಗಿಲು ತೆಗೆದವನು ಮೇಸ್ತ್ರಿಯೇ. ಮೊಲವನ್ನೋ ಅಳಿಲನ್ನೋ ಅಟ್ಟಿಸಿಕೊಂಡು ಹೋಗಿರಬೇಕು, ಹಸಿವಾದರೆ ಬರುತ್ತೆ ಎಂದ. ಒಂಬತ್ತಾದರೂ ಬರಲಿಲ್ಲ. ಅವನೊಬ್ಬನೇ ಎದ್ದು ಎಡಗಡೆಯ ದಾರಿ ಹಿಡಿದು ಹೋದ. ಆ ದಾರಿ ಹಳೆಯ ಸಾಮಿಲ್ಲಿಗೆ ಹೋಗುತ್ತದೆ. ಮರ ಕೊಯ್ಯುವುದು ನಿಂತು ಹದಿನೈದು ವರ್ಷವಾಗಿದೆ. ತಗಡಿನ ಚಾವಣಿ, ತುಕ್ಕು ಹಿಡಿದ ಹಳಿ, ಯಾರೂ ಒಯ್ಯದೆ ಬಿಟ್ಟ ದಿಮ್ಮಿಗಳು, ಅಷ್ಟೇ. ಅರ್ಧ ಗಂಟೆಯಲ್ಲಿ ಮರಳಿ ಬಂದ.

"ಸಾಮಿಲ್ಲಿನ ಕಡೆ ಏನೂ ಇಲ್ಲ," ಎಂದ. "ಕರೆದೆ, ನಿಂತು ಕಿವಿಗೊಟ್ಟು ಕೇಳ್ದೆ. ಅಲ್ಲಿದ್ದಿದ್ರೆ ಬೊಗಳ್ದೆ ಇರ್ತಿತ್ತಾ ಅದು?"

ಅಕ್ಕ ನನ್ನ ಮುಖ ನೋಡಿದಳು. ನಾನು ಭಾವನ ಮುಖ ನೋಡಿದೆ. ಭಾವ ತಮ್ಮ ಬೂಟಿನ ಲೇಸು ನೋಡಿದರು. ಮೂರು ಜನರಿಗೂ ಗೊತ್ತಿತ್ತು ಎನ್ನುವುದು ನನಗೆ ಆಗ ಗೊತ್ತಾಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಮೂವತ್ತೊಂದು ವರ್ಷ ಕಿವಿಯಿಂದ ಅನ್ನ ತಿಂದವನಿಗೆ, "ನೀನು ಕೇಳಿದ್ದು ಲೆಕ್ಕಕ್ಕಿಲ್ಲ" ಎಂದು ಯಾವ ಬಾಯಲ್ಲಿ ಹೇಳುವುದು?

ಹಾಗಾಗಿ ಎಲ್ಲರೂ ಬಲಗಡೆಗೆ ಹೋದೆವು. ಕೆರೆಯನ್ನು ಒಂದು ಸುತ್ತು ಹಾಕಿದೆವು. ದೋಣಿಯಲ್ಲಿ ಮೀನು ಹಿಡಿಯುತ್ತಿದ್ದ ಮುದುಕರನ್ನು ಕೇಳಿದೆವು. ಸಣ್ಣ ನಾಯಿಯೇನು, ದೊಡ್ಡ ಮೀನೂ ಕಂಡಿಲ್ಲ ಎಂದರು. ಕಲ್ಲುಬಂಡೆಗಳ ಸಂದಿಯಲ್ಲಿ ಬಗ್ಗಿ ನೋಡಿದೆವು. ಮೇಸ್ತ್ರಿ ಎಲ್ಲರಿಗಿಂತ ಮುಂದೆ, ಕೈಯಲ್ಲಿ ನಶ್ಯಳ ಹಗ್ಗ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಕೂಗುತ್ತಿದ್ದ. ಕೂಗಿದ ಮೇಲೆ ನಿಂತು, ಕತ್ತು ಓರೆ ಮಾಡಿ ಕಾಯುತ್ತಿದ್ದ. ಅವನು ಹಾಗೆ ನಿಲ್ಲುವುದನ್ನು ನೋಡಲು ನನ್ನ ಕೈಲಾಗುತ್ತಿರಲಿಲ್ಲ.

ಹನ್ನೆರಡು ದಾಟಿತು. ಮೋಡ ಕವಿದು ಗಾಳಿ ಎದ್ದಿತು. ನಾನೂ ಅಕ್ಕನೂ ಹಿಂದೆ ಉಳಿದಿದ್ದೆವು.

"ಸಾಮಿಲ್ಲಿನ ಕಡೆ ಇನ್ನೊಂದ್ಸಲ ನೋಡೋಣ್ವಾ?" ಎಂದೆ.

"ಅವನು ನೋಡ್ಕೊಂಡು ಬಂದ್ನಲ್ಲ," ಎಂದಳು ಅಕ್ಕ. ನಾಲ್ಕು ಹೆಜ್ಜೆ ನಡೆದು ನಿಂತಳು. "ನೋಡಿದ್ದೇನೋ ಸರಿ. ಕೇಳಿದ್ದು?"

"ಅದೇ."

"ಹಾಗಾದ್ರೆ ಬೆಳಗ್ಗೇನೇ ಯಾಕೆ ಹೇಳ್ಲಿಲ್ಲ ನೀನು?"

"ನೀನ್ಯಾಕೆ ಹೇಳ್ಲಿಲ್ಲ?"

ಅಕ್ಕ ದೊರೆಯ ಹಗ್ಗವನ್ನು ನನ್ನ ಕೈಗಿಟ್ಟಳು. "ಹೋಗು," ಎಂದಳು. "ದೊರೇನೂ ಕರ್ಕೊಂಡು ಹೋಗು."

ನಾನು ದಾರಿ ಬದಲಿಸಿದ್ದನ್ನು ಮೇಸ್ತ್ರಿ ದೂರದಿಂದಲೇ ಕಂಡು ಓಡುತ್ತಾ ಬಂದ. "ಎಲ್ಲಿಗೋ? ಆ ಕಡೆ ನಾನು ಆಗ್ಲೇ ನೋಡಿದೀನಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ಇನ್ನೊಂದ್ಸಲ ನೋಡಿದ್ರೆ ಗಂಟೇನು ಹೋಗುತ್ತೆ, ಬಾ," ಎಂದೆ. ಮುಖ ಗಂಟಿಕ್ಕಿಕೊಂಡೇ ಜೊತೆಗೆ ಬಂದ.

ಸಾಮಿಲ್ಲಿನ ತಗಡು ಕಾಣಿಸುವ ತಿರುವಿನಲ್ಲೇ ನನಗೆ ಕೇಳಿಸಿತು. ಗಂಟಲು ಒಣಗಿದ, ಸಣ್ಣ, ಚೂಪು ದನಿ. ಎರಡು ಸಲ ಬೊಗಳಿ ಸ್ವಲ್ಪ ಸುಮ್ಮನಾಗಿ, ಮತ್ತೆ ಎರಡು ಸಲ. ಮೇಸ್ತ್ರಿ ಸಾಮಿಲ್ಲಿನ ಅಂಗಳದ ನಡುವೆ ನಿಂತು, "ನಶ್ಯಾ!" ಎಂದು ಕೂಗಿ ಕೈಯೆತ್ತಿದ.

"ಶ್! ಅಲುಗಾಡ್ಬೇಡ. ಕೇಳಿಸ್ಕೋತಿದೀನಿ."

ನಶ್ಯ ಅವನ ಕೂಗಿಗೆ ಉತ್ತರ ಕೊಡುತ್ತಿತ್ತು. ಬಿಡದೆ, ಒಂದೇ ಸಮನೆ. ಅವನು ಕಣ್ಣು ಮುಚ್ಚಿ ಪೂರ್ತಿ ಒಂದು ನಿಮಿಷ ನಿಂತಿದ್ದ. ಆಮೇಲೆ ಕೈ ಇಳಿಸಿ, "ನೋಡಿದ್ಯಾ? ಏನೂ ಇಲ್ಲ," ಎಂದ.

"ಬೊಗಳ್ತಾ ಇದೆ ಕಣೋ," ಎಂದೆ.

"ಏನು?"

ಅವನ ಎದುರಿಗೆ ಬಂದು ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ನಶ್ಯ ಬೊಗಳ್ತಾ ಇದೆ. ಆಗಿನಿಂದ. ಆ ದಿಮ್ಮಿಗಳ ಕೆಳಗೆ."

ಅವನು ನನ್ನನ್ನು ನಂಬಲಿಲ್ಲ. ತಮಾಷೆ ಮಾಡುತ್ತಿದ್ದೇನೆಯೇ ಎಂದು ಮುಖ ನೋಡಿದ. ಆಮೇಲೆ ಅವನ ದೃಷ್ಟಿ ದೊರೆಯ ಕಡೆ ಹೋಯಿತು. ಆ ಸೋಮಾರಿ ನಾಯಿ ಎರಡೂ ಕಿವಿ ನಿಮಿರಿಸಿ, ದಿಮ್ಮಿಗಳ ರಾಶಿಯತ್ತ ಮೂಗು ಮಾಡಿ, ಮೈಯೆಲ್ಲ ಬಿಗಿಮಾಡಿ ನಿಂತಿತ್ತು. ಗೆಳೆಯನ ಬಾಯಿಮಾತನ್ನು ನಂಬದವನು ದೊರೆಯ ಕಿವಿಗಳನ್ನು ನಂಬಿದ. ಓಡಿಹೋಗಿ ಮಂಡಿಯೂರಿ, ರಾಶಿಯ ಸಂದಿಯಲ್ಲಿ ಕೈ ಹಾಕಿದ. ಒಳಗಿನಿಂದ ನಶ್ಯ ಅವನ ಬೆರಳು ನೆಕ್ಕಿತು.

ಮೇಲಿನ ದಿಮ್ಮಿಯೊಂದು ಜಾರಿ ನಶ್ಯಳ ಹಿಂಗಾಲನ್ನು ಅದುಮಿ ಹಿಡಿದಿತ್ತು. ಕೈಯಿಂದ ಎತ್ತುವ ಭಾರ ಅದಲ್ಲ. ಮೇಸ್ತ್ರಿ ನನ್ನನ್ನು ಅಲ್ಲೇ ಬಿಟ್ಟು ಹಲಗೆಮನೆಯವರೆಗೂ ಓಡಿ, ಕಾರಿನಿಂದ ಜ್ಯಾಕ್ ತಂದ. ಜೊತೆಗೆ ಭಾವನೂ ಅಕ್ಕನೂ ಬಂದರು. ಭಾವ ರಾಶಿಯ ಸುತ್ತ ಎರಡು ಸಲ ನಡೆದು, ಯಾವ ದಿಮ್ಮಿ ಯಾವುದರ ಮೇಲೆ ಭಾರ ಹಾಕಿದೆ ಎಂದು ನೋಡಿದರು. "ಇದನ್ನ ಮುಟ್ಟಿದ್ರೆ ಎಲ್ಲಾ ಉರುಳುತ್ತೆ. ಅದನ್ನ ನಾಲ್ಕು ಬೆರಳು ಎತ್ತು, ಸಾಕು," ಎಂದರು. ಮೇಸ್ತ್ರಿ ಜ್ಯಾಕ್ ಇಟ್ಟು, ಎಡಗೈಯನ್ನು ದಿಮ್ಮಿಯ ಮೇಲೆ ಚಪ್ಪಟೆಯಾಗಿ ಒತ್ತಿಕೊಂಡು ಬಲಗೈಯಿಂದ ಹಿಡಿ ತಿರುಗಿಸತೊಡಗಿದ. ಮರ ಒಳಗೊಳಗೇ ಅಲುಗಿದರೂ ಆ ಅಂಗೈಗೆ ತಿಳಿಯುತ್ತಿತ್ತು. ಎರಡು ಸಲ ತಟ್ಟನೆ ನಿಲ್ಲಿಸಿ ಜಾಗ ಬದಲಿಸಿದ. ಮೂರನೆಯ ಸಲ ದಿಮ್ಮಿ ಎದ್ದಿತು. ನಾನು ಹೊಟ್ಟೆಯ ಮೇಲೆ ತೆವಳಿ ನಶ್ಯಳನ್ನು ಎಳೆದುಕೊಂಡೆ.

ಕಾಲು ಮುರಿದಿತ್ತು. ನನ್ನ ಅಂಗಿಯ ತುದಿಯನ್ನು ಉದ್ದುದ್ದಕ್ಕೆ ಹರಿದುಕೊಟ್ಟೆ. ಅಕ್ಕ ಎರಡು ಮರದ ಚಕ್ಕೆಗಳ ನಡುವೆ ಕಾಲಿಟ್ಟು ಕಟ್ಟಿದಳು. ನಶ್ಯ ಮೇಸ್ತ್ರಿಯ ತೊಡೆಯ ಮೇಲಿದ್ದುದರಿಂದ ಭಾವ ಕಾರು ಓಡಿಸಿದರು. ಮುಕ್ಕಾಲು ಗಂಟೆ ದೂರದ ಪೇಟೆಯಲ್ಲಿ ನಾಯಿ ಡಾಕ್ಟರು ಇನ್ನೂ ಬಾಗಿಲು ಹಾಕಿರಲಿಲ್ಲ. ನಶ್ಯಳನ್ನು ಒಳಗೆ ಕರೆದುಕೊಂಡು ಹೋದರು. ಅಕ್ಕ ಅವರ ಜೊತೆ ಹೋದಳು. ಭಾವ ಕಾರಿನಲ್ಲಿ ದೊರೆಯ ಜೊತೆ ಉಳಿದರು. ನಾನೂ ಮೇಸ್ತ್ರಿಯೂ ಹೊರಗಿನ ಬೆಂಚಿನ ಮೇಲೆ ಕೂತೆವು. ಎದುರಿನ ಗೋಡೆಯ ಮೇಲೆ ಹಸುವಿನ ಹೊಟ್ಟೆಯೊಳಗಿನ ಚಿತ್ರವೊಂದಿತ್ತು. ಅವನು ಅದನ್ನೇ ನೋಡುತ್ತಾ ಕೇಳಿದ.

"ಬೆಳಗ್ಗೆ ನಾನು ಹೋದಾಗ್ಲೂ ಬೊಗಳ್ತಾ ಇತ್ತು, ಅಲ್ವಾ?"

"ಇದ್ದಿರ್ಬೇಕು."

"ಅದು ಕೂಗಿ ಕರೀತಾ ಇತ್ತು. ನಾನು ಅಲ್ಲೇ ನಿಂತು, ಬೆನ್ನು ತಿರುಗಿಸ್ಕೊಂಡು ಬಂದೆ." ನನ್ನ ಕಡೆ ತಿರುಗಿದ. "ನಿಂಗೆ ಯಾವಾಗಿಂದ ಗೊತ್ತು?"

ಸುಳ್ಳು ಹೇಳುವ ಆಸೆಯಾಯಿತು. "ಒಂದು ವರ್ಷದ ಮೇಲಾಯ್ತು," ಎಂದೆ. "ನೀನು ಬೇಜಾರು ಮಾಡ್ಕೋತೀಯ ಅಂತ..."

"ಮಾಡ್ಕೋತಿದ್ದೆ," ಎಂದ. "ನಾಲ್ಕು ದಿನ ಮಾತು ಬಿಡ್ತಿದ್ದೆ. ಆಮೇಲೆ? ನನ್ನ ಪ್ಯಾಂಟು ಹಿಂದೆ ಹರಿದಿದ್ರೆ ನಡುಬೀದೀಲಿ ಕೂಗಿ ಹೇಳೋನು ನೀನು. ಇದನ್ನ ಹೇಳಕ್ಕೆ ಏನು ಬಂದಿತ್ತು ನಿಂಗೆ?"

ಅವನಿಗೆ ಹೇಳಿದರೆ ಸಿಟ್ಟು ಬರುತ್ತದೆ ಎಂದು ನಾನು ಹೆದರಿದ್ದೆ. ಹೇಳದೆ ಇದ್ದದ್ದಕ್ಕೆ ಸಿಟ್ಟು ಬರಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅವನ ಮನಸ್ಸು ನೋಯಬಾರದು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಆದರೆ ಆ ಬೆಂಚಿನ ಮೇಲೆ ನನಗೆ ಅನಿಸಿದ್ದು, ನಾನು ಕಾಪಾಡಿಕೊಂಡದ್ದು ಅವನನ್ನಲ್ಲ, ನನ್ನ ನೆಮ್ಮದಿಯನ್ನು. ಕಹಿ ಮಾತು ಬೇರೆ ಯಾರಾದರೂ ಆಡಲಿ ಎಂದು ಕಾದಿದ್ದೆ. ಆ ಕೆಲಸವನ್ನು ಕಾಲು ಮುರಿದುಕೊಂಡ ನಾಯಿ ಮಾಡಬೇಕಾಯಿತು.

ಅಂದು ಸಂಜೆ ಅವನು ನನ್ನ ಜೊತೆ ಮಾತಾಡಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಶ್ಯಳನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದ. ಅಕ್ಕ ಮಾಡಿದ ಸೂಪನ್ನು ನಶ್ಯಳಿಗೆ ಕುಡಿಸಿ, ಉಳಿದದ್ದನ್ನು ತಾನು ಕುಡಿದ.

ಭಾನುವಾರ ಬೆಳಗ್ಗೆ ತಿಂಡಿಗೆ ಕೂತಾಗ ಅಕ್ಕನ ಕಡೆ ತಿರುಗಿ, ಯಾರೂ ಕೇಳದೆಯೇ, ಹೇಳಲು ಶುರುಮಾಡಿದ.

"ಬೇಸಿಗೇಲಿ ಒಂದು ಬಸ್ಸಿಗೆ ಸಹಿ ಹಾಕಿದ್ದೆ ಅಕ್ಕ. ಅದು ಇನ್ನೇನು ಗೇಟು ದಾಟ್ಬೇಕು, ನಮ್ಮ ಫಿಟ್ಟರ್ ಹೆಂಗಸು ಓಡಿ ಬಂದು ಅಡ್ಡ ನಿಂತ್ಳು. 'ಹಿಂದಿನ ಚಕ್ರದ ಬೇರಿಂಗು ಕಿರುಗುಡ್ತಿದೆ, ಕೇಳಿಸ್ಲಿಲ್ವಾ ಮೇಸ್ತ್ರಿ' ಅಂದ್ಳು. ನಾನೇನಂದೆ ಗೊತ್ತಾ? 'ಗೊತ್ತಮ್ಮ, ನಿಂಗೆ ಗೊತ್ತಾಗುತ್ತಾ ಅಂತ ಪರೀಕ್ಷೆ ಮಾಡ್ದೆ' ಅಂದೆ. ಎಲ್ರೂ ನಕ್ಕರು. ನಾನೂ ನಕ್ಕೆ." ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳಿದ. "ಅವತ್ತಿಂದ ಸ್ಕ್ರೂಡ್ರೈವರ್ ತುದಿ ಎಂಜಿನ್ನಿಗೆ ಇಟ್ಟು, ಹಿಡಿ ಕಡೇನ ದವಡೆಗೆ ಒತ್ಕೊಂಡು ಕೇಳ್ತೀನಿ. ಮೂಳೆಯೊಳಗೆ ಸ್ವಲ್ಪ ಗೊತ್ತಾಗುತ್ತೆ. ಎಲ್ಲಾ ಗೊತ್ತಾಗಲ್ಲ. ಐವತ್ತು ಜನ ಕೂರ್ತಾರೆ ಅದ್ರಲ್ಲಿ."

ಸಮಾಧಾನದ ಮಾತು ಅಕ್ಕನಿಗೆ ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಸಲ ಆಡಿ ಅಭ್ಯಾಸ. ಅವತ್ತು ಆಡಲಿಲ್ಲ. ತನ್ನ ತುಟಿ ಅವನ ಕಣ್ಣಿಗೆ ಕಾಣುವ ಹಾಗೆ ಮುಂದಕ್ಕೆ ಬಾಗಿ, "ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ಬಾ. ಕಿವಿ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು.

"ಹನ್ನೊಂದಕ್ಕೆ ಬರ್ತೀನಿ," ಎಂದ ಮೇಸ್ತ್ರಿ. "ಮೊದ್ಲು ಡಿಪೋಗೆ ಹೋಗಿ ಮ್ಯಾನೇಜರಿಗೆ ಹೇಳ್ಬೇಕು. ನಾಳೆ ಯಾವ ಬಸ್ಸಿಗೂ ನಾನು ಸಹಿ ಹಾಕಲ್ಲ."

ಭಾವ ಗಂಟಲು ಸರಿಮಾಡಿಕೊಂಡು, "ನಾನೂ ಬರ್ಲಾ ಜೊತೇಲಿ?" ಎಂದರು.

"ಬೇಡಿ ಭಾವ. ಇದು ಒಬ್ಬನೇ ಹೋಗೋ ದಾರಿ."

ಹಾಗೆಯೇ ಹೋದ. ಮೂವತ್ತೊಂದು ವರ್ಷ ಎಂಜಿನ್ನುಗಳ ನಡುವೆ ನಿಂತು ಸವೆದ ಕಿವಿ, ಹೋದದ್ದು ಮತ್ತೆ ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಮಾತು ಕೇಳಿಸೀತು ಎಂದರು ಡಾಕ್ಟರು. ಡಿಪೋದಲ್ಲಿ ಅವನನ್ನು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಬಸ್ಸುಗಳಿಗೆ ಸಹಿ ಹಾಕುವ ಕೆಲಸ ಆ ಫಿಟ್ಟರ್ ಹೆಂಗಸಿಗೆ ಬಂತು. ಅವಳ ಹೆಸರನ್ನು ಸೂಚಿಸಿದವನು ಇವನೇ ಎಂದು ಆಮೇಲೆ ತಿಳಿಯಿತು. ಇದೆಲ್ಲ ನನಗೆ ಅಕ್ಕನ ಬಾಯಿಂದ ಗೊತ್ತಾದದ್ದು. ಐದು ವಾರ ಅವನು ನನಗೆ ಮುಖ ತೋರಿಸಲಿಲ್ಲ. ನಾನು ಎರಡು ಸಲ ಅವನ ಮನೆಯ ಬೀದಿಯವರೆಗೂ ಹೋಗಿ ತಿರುಗಿ ಬಂದೆ.

ಆರನೆಯ ವಾರದ ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಬಲಗಿವಿಯ ಹಿಂದೆ ಹುರುಳಿಬೀಜದ ಬಣ್ಣದ ಸಣ್ಣ ಯಂತ್ರ. ಹಿಂದಿನಿಂದ ನಶ್ಯ ಕುಂಟುತ್ತಾ ಬಂದು, ಮೇಜಿನ ಕೆಳಗಿನ ಬಟ್ಟೆಚೂರುಗಳ ಮೇಲೆ ಮಲಗಿತು. ಅವನು ಗಿರಾಕಿಗಳ ಬೆಂಚಿನ ಮೇಲೆ ಕೂತ. ನಾನು ಕೋಟಿನ ಬಟ್ಟೆ ಕತ್ತರಿಸುತ್ತಿದ್ದೆ.

"ನಿನ್ನ ಕತ್ತರಿ ಯಾವಾಗ್ಲೂ ಇಷ್ಟು ಸದ್ದು ಮಾಡುತ್ತಾ?" ಎಂದ.

"ಮಾಡುತ್ತೆ."

"ಎಲ್ಲಾನೂ ಸದ್ದು ಮಾಡುತ್ತೆ ಕಣೋ. ಪೇಪರು, ಚಪ್ಪಲಿ, ನಮ್ಮನೆ ನಲ್ಲಿ. ನನ್ನ ಹೆಂಡತಿ ಗೊಣಗ್ತಿರ್ಲಿಲ್ಲ, ಪಾಪ. ಸರಿಯಾಗೇ ಮಾತಾಡ್ತಾಳೆ."

ನಾನು ಕತ್ತರಿ ಕೆಳಗಿಟ್ಟೆ. "ಎಂಜಿನ್ನು?"

ತಲೆಯಾಡಿಸಿದ. "ತಗಡು ಬಡಿದ ಹಾಗೆ ಕೇಳುತ್ತೆ. ಯಾವುದು ಯಾವುದು ಅಂತ ಬಿಡಿಸಕ್ಕಾಗಲ್ಲ. ಸ್ಟೋರಿನ ಕಿಟಕಿಯಿಂದ ಬಸ್ಸು ಒಳಗೆ ಬರೋದು ಕಾಣುತ್ತೆ. ನೋಡ್ತೀನಿ, ಅಷ್ಟೇ." ಬೆಂಚಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಸ್ವಲ್ಪ ಹೊತ್ತು ಕೂತ.

ಆಮೇಲೆ ತಲೆಯೆತ್ತಿ ಕೇಳಿದ. "ಇನ್ನೇನಾದ್ರೂ ಇದ್ಯಾ? ನಂಗೆ ಹೇಳ್ದೆ ಇಟ್ಕೊಂಡಿರೋದು?"

ಇಲ್ಲ ಎನ್ನುವ ಮಾತು ನಾಲಗೆಯ ತುದಿಯವರೆಗೂ ಬಂತು. ಅವನು ನನ್ನ ತುಟಿಗಳನ್ನಲ್ಲ, ಕಣ್ಣುಗಳನ್ನು ನೋಡುತ್ತಿದ್ದ.

"ಇದೆ," ಎಂದೆ. "ನೀನು ಕಾರು ಓಡಿಸ್ವಾಗ ನಂಗೆ ಜೀವ ಬಾಯಿಗೆ ಬರುತ್ತೆ. ಇಪ್ಪತ್ತು ವರ್ಷದಿಂದ. ಅಕ್ಕಂಗೂ ಅಷ್ಟೇ."

ಅವನ ಮುಖ ಕೆಂಪಾಯಿತು. ಎದ್ದು ಹೋಗಿಬಿಡುತ್ತಾನೆ ಎಂದುಕೊಂಡೆ. ಎರಡು ನಿಮಿಷ ಮುಖ ಊದಿಸಿಕೊಂಡು ಬೀದಿ ನೋಡುತ್ತಾ ಕೂತಿದ್ದು, "ಭಾವಂಗೆ?" ಎಂದ.

"ಭಾವ ಹೊರಟ ಕೂಡಲೇ ಕಣ್ಣು ಮುಚ್ಕೋತಾರಲ್ಲ, ಅದು ನಿದ್ದೆ ಅಂತ ಅಂದ್ಕೊಂಡಿದ್ಯಾ?"

ಅವನು ನಕ್ಕ. ನನ್ನ ಮಾತು ಮುಗಿದ ಕೂಡಲೇ, ಯಾರ ಮುಖವನ್ನೂ ನೋಡದೆ ನಕ್ಕ. ಮೇಜಿನ ಕೆಳಗೆ ನಶ್ಯ ಬೆಚ್ಚಿ ತಲೆಯೆತ್ತಿ ನೋಡಿ, ಮತ್ತೆ ಮಲಗಿತು.